ಅಪ್ಪನ ಕತ್ತಿಗೆ ಕುಂಕುಮ

ಆಯುಧಪೂಜೆಯ ಬೆಳಿಗ್ಗೆ, ನಾಗಸಂದ್ರದ ತನ್ನ ಸಲೂನಿನಲ್ಲಿ ತಿಪ್ಪೇಶ ಕ್ಷೌರದ ಕತ್ತಿಯೊಂದನ್ನು ಒಣಬಟ್ಟೆಯಿಂದ ಒರೆಸಿ, ಅಲಗಿಗೆ ಕೊಬ್ಬರಿ ಎಣ್ಣೆ ಸವರಿದ. ತೀರಿಹೋದ ಅಪ್ಪನದೆಂದು ಉಳಿದದ್ದು ಅದೊಂದೇ. ಹೋದ ವರ್ಷ ಅಮ್ಮ ಈರಮ್ಮ ಇಟ್ಟ ಹಸಿ ಕುಂಕುಮ ರಾತ್ರಿಯೆಲ್ಲ ಹಾಗೇ ಇದ್ದು, ಅಲಗಿನ ಮೇಲೆ ತುಕ್ಕಿನ ಕಲೆ ಮಾಡಿತ್ತು.

“ಈ ಸಲ ಇದಕ್ಕೆ ಕುಂಕುಮ ಬೇಡಮ್ಮ.”

“ಕತ್ರಿಗೆ, ಕುರ್ಚಿಗೆಲ್ಲ ಇಟ್ಟು ನಿಮ್ಮಪ್ಪನ ಕತ್ತೀನ ಬಿಡ್ಲಾ? ದೇವ್ರು ತುಕ್ಕು ಹಿಡಿಸ್ತಾನೇನೋ?”

“ದೇವ್ರಲ್ಲಮ್ಮ, ನೀನು ಕುಂಕುಮಕ್ಕೆ ಕಲಸೋ ನೀರು.”

ಈರಮ್ಮ ಕುಂಕುಮದ ಬೆರಳನ್ನು ಅಲಗಿನ ಹತ್ತಿರ ತಂದವಳು ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಕತ್ತಿಯನ್ನು ತಿರುಗಿಸಿ, ಸವೆದು ನುಣುಪಾದ ಕೊಂಬಿನ ಹಿಡಿಗೆ ಬೊಟ್ಟಿಟ್ಟಳು.

“ಅವರ ಕೈ ಇರ್ತಿದ್ದದ್ದು ಇಲ್ಲೇ ಅಲ್ವಾ,” ಎಂದು ಕಣ್ಮುಚ್ಚಿ ಕೈಮುಗಿದಳು.