ಪೇಪರಿನ ಮಡಿಕೆಯಲ್ಲಿ ಉಳಿದ ಕಾರ್ಡು

ಮೂರನೇ ಮಹಡಿಯ ಬಾಗಿಲು ತಟ್ಟಿದ ಮೇಲೆ ಸಿಸ್ಟರ್ ಬ್ಯಾಗಿಗೆ ಕೈ ಹಾಕಿದಳು. ಕಾರ್ಡು ಇರಲಿಲ್ಲ. ಇನ್ನೊಮ್ಮೆ ತಡಕಿದಳು.

ಅದು ಗುಲಾಬಿ ಬಣ್ಣದ ಕಾರ್ಡು. ಆರೋಗ್ಯ ಕೇಂದ್ರದಲ್ಲಿ ಕ್ಷಯದವರಿಗೆ ಮಾತ್ರ ಆ ಬಣ್ಣ. ಮೇಲೆ ದಪ್ಪಕ್ಷರದಲ್ಲಿ ಗುಂಡಿ ಅಕ್ಕನ ನಿಜ ಹೆಸರಿತ್ತು. ಅಂಗಿ ಕಾರ್ಖಾನೆಯಲ್ಲಿ ದಿನವಿಡೀ ಗುಂಡಿ ಹಚ್ಚುವವಳಾದ್ದರಿಂದ ಎಲ್ಲರಿಗೂ ಅವಳು ಗುಂಡಿ ಅಕ್ಕ. ಮೂರು ತಿಂಗಳಿಂದ ಸಿಸ್ಟರ್ ಎದುರಿಗೇ ಮಾತ್ರೆ ನುಂಗುತ್ತಿದ್ದಳು. ಇನ್ನು ಯಾರಿಗೂ ಹರಡುವುದಿಲ್ಲವೆಂದು ಡಾಕ್ಟರೂ ಹೇಳಿದ್ದರು. ಕಾರ್ಖಾನೆಯವರು ಅದನ್ನೆಲ್ಲ ಕೇಳುತ್ತಾರೆಯೇ? ಸುದ್ದಿ ಮುಟ್ಟಿದ ದಿನವೇ ಕೆಲಸ ಹೋಗುತ್ತದೆ. "ನರಪಿಳ್ಳೆಗೂ ಗೊತ್ತಾಗಬಾರದು ಸಿಸ್ಟರ್" ಎಂದು ಮೊದಲ ದಿನವೇ ಅವಳು ಕೈ ಹಿಡಿದು ಕೇಳಿಕೊಂಡಿದ್ದಳು.

ಬಾಗಿಲು ತೆರೆಯಿತು. "ಬಾ ಒಳಗೆ" ಎಂದಳು ಗುಂಡಿ ಅಕ್ಕ.

"ಒಂದ್ನಿಮಿಷ ಅಕ್ಕ, ಕೆಳಗೆ ಏನೋ ಮರೆತೆ."

ಮೆಟ್ಟಿಲಿಳಿಯುವಾಗಲೇ ಎಲ್ಲ ಹೊಳೆಯಿತು. ಯಾರ ಮನೆಗೆ ಹೋದರೂ ನೆಲಕ್ಕೆ ಹಳೇ ಪೇಪರ್ ಹಾಸಿ ಅದರ ಮೇಲೆ ಬ್ಯಾಗಿಡುವುದು, ಹೊರಡುವಾಗ ಪೇಪರನ್ನು ಒಳಮುಖವಾಗಿ ಮಡಿಸಿ ಆ ಮನೆಯ ಕಸಕ್ಕೇ ಕೊಡುವುದು ನರ್ಸುಗಳು ಕಲಿತ ಪದ್ಧತಿ. ಕೆಳಮನೆಯಲ್ಲಿ ಮಗುವಿನ ತೂಕ ನೋಡುವಾಗ, ಮುಂದಿನ ಮನೆಯ ಕಾರ್ಡು ಕೈಗೆ ಸಿಗಲೆಂದು ಪೇಪರಿನ ಮೇಲೆ ತೆಗೆದಿಟ್ಟಿದ್ದಳು. ಶುಚಿ ಶುಚಿ ಎಂದು ಅದನ್ನೂ ಸೇರಿಸಿ ಮಡಿಸಿ ಕೊಟ್ಟು ಬಂದಿದ್ದಳು. ಅದೂ ಯಾರ ಕೈಗೆ? ರೇಡಿಯೋ ಅಜ್ಜಿಯ ಕೈಗೆ! ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಇಡೀ ಕಟ್ಟಡಕ್ಕೆ ಪ್ರಸಾರವಾಗುತ್ತಿತ್ತು.

ಅಜ್ಜಿ ಆ ಪೇಪರಿನಿಂದಲೇ ಕಿಟಕಿ ಒರೆಸುತ್ತಿದ್ದಳು. ಕಾರ್ಡು ಮೇಜಿನ ಮೇಲಿತ್ತು.

"ಇದಕ್ಕೇ ಓಡಿ ಬಂದ್ಯಾ? ತಗೋ ತಾಯಿ. ನನ್ನ ಕನ್ನಡಕ ಒಡೆದು ತಿಂಗಳಾಯ್ತು, ಹೆಸರು ಕಾಣಲಿಲ್ಲ. ಬಣ್ಣ ಕಾಣೋಕೆ ಕನ್ನಡಕ ಬೇಡ ನೋಡು."

"ನಿಮ್ಮ ಸೊಸೆ ಇದನ್ನ ನೋಡಿದ್ರಾ ಅಜ್ಜಿ?"

"ಅವಳನ್ನೇ ಕೇಳು. ಈಗ ತಾನೇ ಅಂಗಡಿಗೆ ಹೋದಳು."

ಸಿಸ್ಟರ್ ಕಾರ್ಡು ಹಿಡಿದು ಮತ್ತೆ ಮೆಟ್ಟಿಲು ಹತ್ತಿದಳು. ಹೇಳದಿದ್ದರೆ ಏನಾಗುತ್ತದೆ? ಬಹುಶಃ ಏನೂ ಆಗಲಿಕ್ಕಿಲ್ಲ. ಹೇಳಿದರೆ ಅಕ್ಕ ಸಿಟ್ಟಿಗೆ ಮಾತ್ರೆಯನ್ನೇ ಬಿಟ್ಟರೆ? ಆದರೆ ನಾಳೆ ಕಾರ್ಖಾನೆಯ ಬಾಗಿಲಲ್ಲಿ ಬೇರೆಯವರ ಬಾಯಿಂದ ಕೇಳಿದರೆ, ಉತ್ತರ ಕೊಡುವುದಕ್ಕೂ ಅವಳಿಗೆ ಪುರುಸೊತ್ತಿರುವುದಿಲ್ಲ. ಗುಟ್ಟು ಅವಳದು, ಅದು ಸೋರಿತೋ ಇಲ್ಲವೋ ತಿಳಿಯುವ ಹಕ್ಕೂ ಅವಳದೇ.

ಹೇಳಿದಳು, ನಿಂತುಕೊಂಡೇ, ಒಂದನ್ನೂ ಮುಚ್ಚಿಡದೆ.

ಗುಂಡಿ ಅಕ್ಕ ಕಾರ್ಡನ್ನು ಕೈಗೆ ತೆಗೆದುಕೊಂಡು, "ನಿನ್ನನ್ನ ನಂಬಿದ್ನಲ್ಲೇ" ಎಂದಳು. ಅದು ಬೈಗುಳಕ್ಕಿಂತ ಹೆಚ್ಚು ನಾಟಿತು.

"ತಪ್ಪು ನಂದೇ ಅಕ್ಕ. ಕೇಂದ್ರದಲ್ಲೂ ಬರೆದುಕೊಡ್ತೀನಿ. ಹರಡಲ್ಲ ಅಂತ ಡಾಕ್ಟರ ಚೀಟಿ ಇವತ್ತೇ ತರ್ತೀನಿ. ಅದನ್ನ ತೋರಿಸೋದೂ ಬಿಡೋದೂ ನಿಮಗೆ ಬಿಟ್ಟಿದ್ದು. ನಾನು ಬರೋದು ಬೇಡ ಅಂದ್ರೆ ಬೇರೆ ಸಿಸ್ಟರ್‌ನ ಕಳಿಸ್ತೀನಿ."

"ಅಯ್ಯೋ, ಇನ್ನೊಬ್ಬಳಿಗೂ ಗೊತ್ತಾಗ್ಲಿ ಅಂತಲಾ?" ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಚೀಟಿ ತಾ. ನಾಳೆ ಬೆಳಿಗ್ಗೆ ಕಾರ್ಖಾನೆ ಮೇಸ್ತ್ರಿಗೆ ನಾನೇ ಹೇಳ್ತೀನಿ. ಅವನು ತೆಗೆದುಹಾಕಿದ್ರೆ..."

ಅವಳು ಮಾತ್ರೆ ಬಾಯಿಗೆ ಹಾಕಿಕೊಂಡಳು. ನೀರಿನ ಲೋಟ ಎತ್ತಿದಳು. ಮಾತ್ರೆ ಗಂಟಲಿಳಿಯುವ ತನಕ ಸಿಸ್ಟರ್ ಉಸಿರಾಡಲಿಲ್ಲ.