ಗೋಲಿಯ ನಡುಭಾಗ

ಬಡಿಯುತ್ತಿದ್ದ ರೊಟ್ಟಿ ಇನ್ನೂ ಅಂಗೈ ಅಗಲ ಆಗಿರಲಿಲ್ಲ. ಭಾವ ಗೋವಿಂದರಾಜ ಚಪ್ಪಲಿ ಸಮೇತ ಅಡುಗೆಮನೆಗೆ ನುಗ್ಗಿ, ಮುಷ್ಟಿಯಲ್ಲಿದ್ದ ಬಿಳಿ ಗೋಲಿಗಳನ್ನು ದೀಪಿಕಾಳ ಪರಾತದಲ್ಲಿದ್ದ ಹಿಟ್ಟಿನ ಮೇಲೆ ಸುರಿದ.

"ಚೀಲಗಟ್ಟಲೆ ಮಾಡಸೀನಿ. ಈಗ ಬ್ಯಾಡ ಅಂತೀ?"

ಗಂಗಾವತಿಯ ಅವನ ಅಕ್ಕಿ ಗಿರಣಿಯಿಂದ ಭತ್ತ ಕುದಿಸಿದ ನೀರು ನಾರುತ್ತ ಚರಂಡಿಗೆ ಇಳಿಯುತ್ತಿತ್ತು. ಆ ನೀರಿನ ಗಂಜಿಯನ್ನು ಕರಗಿಸುವ ಕಿಣ್ವ ಕೊಚ್ಚಿಹೋಗದಂತೆ, ಹೊಟ್ಟಿನ ಬೂದಿಯಿಂದ ಮಾಡಿದ, ಮೈತುಂಬ ಸಣ್ಣ ರಂಧ್ರಗಳಿರುವ ಗೋಲಿಗಳೊಳಗೆ ಅದನ್ನು ಕೂರಿಸಬೇಕು. ಕಿಣ್ವ ಎಷ್ಟು ಆಳಕ್ಕೆ ಇಳಿದೀತು ಎಂದು ಗಣಿತದಲ್ಲಿ ತೋರಿಸುವುದೇ ದೀಪಿಕಾಳ ಸಂಶೋಧನೆ. ಗೋಲಿ ಸಾಸಿವೆಯಷ್ಟಿದ್ದರೆ ಒಳಗೆಲ್ಲ ತುಂಬುತ್ತದೆ. ಕಡಲೆಯಷ್ಟಾದರೆ ಮೊದಲು ಹೋದ ಕಿಣ್ವ ಅಂಚಿಗೇ ಅಂಟಿ ರಂಧ್ರಗಳ ಬಾಯಿ ಕಟ್ಟುತ್ತದೆ, ನಡುಭಾಗ ಖಾಲಿ. ಗೋವಿಂದರಾಜ ಅವಳ ಮಾತು ಕೇಳದೆ ಕಡಲೆಯಷ್ಟೇ ಮಾಡಿಸಿದ್ದ.

"ಇವತ್ತು ಬ್ಯಾರೆ ಗಿರಣಿ ಮಾಲಕರೆಲ್ಲ ಈ ಗೋಲಿ ಕೊಳ್ಳಾಕ ಬರ್ತಾರ. ಒಳಗ ಪೂರಾ ತುಂಬೈತಿ ಅಂತ ನೀನ ಹೇಳಬೇಕು."

"ತುಂಬೂದಿಲ್ರಿ ಭಾವಾರ. ಹ್ಯಾಂಗ ಹೇಳ್ಲಿ?"

"ನೀ ಏನು ಒಳಗ ಹೊಕ್ಕು ನೋಡಿ ಬಂದೀಯೇನು? ಕಾಗದದ ಮ್ಯಾಲ ಗೀಚಿ ನನಗ ದಂಧೆ ಕಲಸ್ತಾಳ! ಹೇಳಲಿಲ್ಲಂದ್ರ ನಾಳಿಂದ ನೀ ಲ್ಯಾಬಿಗೆ ಹೋಗೂದು ಬಂದ್. ರೊಟ್ಟಿ ಎಣಿಸ್ಕೋತ ಕುಂದ್ರು, ಅದ ಛಲೋ ಲೆಕ್ಕ ನಿನಗ."

ಹಂಚಿನ ಮೇಲಿದ್ದ ರೊಟ್ಟಿ ಹೊತ್ತತೊಡಗಿತು. ದೀಪಿಕಾ ಒಲೆ ಆರಿಸಿದಳು. ಶಾಲೆಗೆ ಹೊರಟಿದ್ದ ಮಗಳು ರಂಜಿತಾ ಒಂದೇ ಜಡೆ ಹೆಣೆಸಿಕೊಂಡು, ಇನ್ನೊಂದರ ರಿಬ್ಬನ್ ಹಿಡಿದು ನಿಂತಿದ್ದಳು. ಅವಳು ಬಾಯಿ ತೆರೆದೊಡನೆ ಗೋವಿಂದರಾಜ ಗದರಿದ: "ದೊಡ್ಡೋರ ನಡಕ ಬರಬ್ಯಾಡ!"

ದೀಪಿಕಾ ಮಗಳನ್ನು ಮೆಲ್ಲಗೆ ಹತ್ತಿರ ಎಳೆದುಕೊಂಡಳು. ಹಿಟ್ಟಾದ ಕೈ ಅಂಗಿಗೆ ತಾಗದಂತೆ ಮೊಣಕೈಯಿಂದಲೇ ಬಳಸಿದಳು.

"ನಾ ಹೇಳೂದಿಲ್ರಿ."

ಗೋವಿಂದರಾಜ ಬಾಗಿಲ ಕಡೆ ತಿರುಗಿದ: "ಏ ಯಂಕೇಶಾ! ಕಾಲೇಜಿನ್ಯಾಗ ಗಣಿತ ಕಲಸ್ತಿಯಲ್ಲ, ಆ ಲೆಕ್ಕ ತಪ್ಪೈತಿ ಅಂತ ನಿನ್ನ ಹೇಂತಿಗೆ ತಿಳಿಸಿ ಹೇಳಲೇ!"

ಬಾಗಿಲಲ್ಲಿ ಪೇಪರು ಓದುತ್ತ ಕುಳಿತಿದ್ದ ಗಂಡನತ್ತ ದೀಪಿಕಾ ನೋಡಿದಳು. ಅವಳ ಸಮೀಕರಣಗಳನ್ನು ಸಾಲು ಸಾಲಾಗಿ ತಿದ್ದಿ ಕೊಟ್ಟವನು ಅವನೇ. ಅವನೊಂದು ಮಾತು ಆಡಿದರೆ ಸಾಕಿತ್ತು. ಯಂಕೇಶ ಪೇಪರು ಮಡಚಿದ, ಮತ್ತೆ ಬಿಡಿಸಿದ.

"ಅಣ್ಣ ಅಂದಂಗ ಹೇಳಿಬಿಡು," ಎಂದ, ಪೇಪರಿಗೇ ಹೇಳುವವನಂತೆ. "ಏನಾಗ್ತೈತಿ?"

ಗೋವಿಂದರಾಜ ನಕ್ಕ. ದೀಪಿಕಾ ಹಿಟ್ಟಿನೊಳಗಿಂದ ಗೋಲಿಗಳನ್ನು ಒಂದೊಂದಾಗಿ ಆರಿಸಿ ತೆಗೆಯತೊಡಗಿದಳು.

ರಂಜಿತಾ ತಾಯಿಯ ತೋಳಿನಿಂದ ಬಿಡಿಸಿಕೊಂಡು, ದೊಡ್ಡಪ್ಪನನ್ನು ದಾಟಿ, ತಂದೆಯ ಮುಂದೆ ಹೋಗಿ ನಿಂತಳು.

"ಅಪ್ಪಾ, ಅವ್ವನ ಲೆಕ್ಕ ಖರೇ ಐತಿ ಅಂತ ನೀನ ಅಂದಿದ್ದಿಯಲ್ಲ. ಈಗ ಯಾಕ ಹೇಳವಲ್ಲಿ?"