ಬಿಲ್ಲೆಗಳ ಶಾರ್ಶೆನ್ ನೀರಲ್ಲಿ ನಿಂತದ್ದು

ಸರೋವರದ ದಡದ ಬೊಸ್ತೆರಿ ಊರಿನಲ್ಲಿ ಅತಿಥಿಗೃಹ ನಡೆಸುವ ಶಾರ್ಶೆನ್ ನೀರಿಗಿಳಿದದ್ದಕ್ಕಿಂತ ತರಬೇತಿಗೆ ಸೇರಿದ್ದೇ ಹೆಚ್ಚು. ಆಳದ ಮುಳುಗು, ರಾತ್ರಿಯ ಮುಳುಗು, ಒಡೆದ ಹಡಗಿನೊಳಗಿನ ಮುಳುಗು, ಒಂದೊಂದಕ್ಕೂ ಅವನ ಕೋಟಿನ ಮೇಲೆ ಒಂದೊಂದು ಬಿಲ್ಲೆ. ಹವಳದ ಮೀನುಗಳನ್ನು ಗುರುತಿಸುವುದಕ್ಕೂ ಒಂದಿತ್ತು. ಇಸಿಕ್‌ಕುಲ್ ಸರೋವರದಿಂದ ಹವಳವಿರುವ ಕಡಲಿಗೆ ಎಷ್ಟೋ ದೇಶ ದಾಟಬೇಕು. ಆದರೂ ಅಂಥದ್ದೊಂದು ಮೀನು ದಾರಿ ತಪ್ಪಿ ಬಂದರೆ ಗುರುತಿಸಲು ಊರಲ್ಲೊಬ್ಬ ಬೇಡವೇ ಎಂಬುದು ಅವನ ವಾದ.

ನೀರೊಳಗೆ ಮಾತ್ರ ಒಂದೆಡೆ ನಿಲ್ಲಲಾರ. ತಳಕ್ಕೆ ಬಿದ್ದು ಕೆಸರೆಬ್ಬಿಸುತ್ತಿದ್ದ, ಇಲ್ಲವೇ ಬೆಂಡಿನಂತೆ ಮೇಲಕ್ಕೆ ಚಿಮ್ಮುತ್ತಿದ್ದ.

ಆ ಬೇಸಿಗೆಯಲ್ಲಿ ಅವನು ತರಬೇತುಗಾರ್ತಿ ಬುರುಲ್ಚಾಳ ಬಳಿ ಹೋಗಿ, "ಇನ್ನು ಮಹಾಪರಿಣತ ತರಬೇತಿ ಒಂದು ಕೊಟ್ಬಿಡಮ್ಮ," ಎಂದ.

"ಅಣ್ಣ, ಮೊದ್ಲು ಕೈಕಾಲು ಬಡೀದೆ ನೀರಲ್ಲಿ ಸುಮ್ನೆ ನಿಲ್ಲೋದು ಕಲೀರಿ. ಆಮೇಲೆ ಎತ್ತರದ ಸರೋವರದಲ್ಲಿ ಮುಳುಗೋ ತರಬೇತಿ. ನಾವಿರೋದು ಬೆಟ್ಟದ ಮೇಲೆ, ಸಮುದ್ರದ ಲೆಕ್ಕ ಇಲ್ಲಿ ನಡೆಯಲ್ಲ. ಅದಾದ್ಮೇಲೆ ಜೀವ ಉಳಿಸೋದು."

"ಸುಮ್ನೆ ನಿಲ್ಲೋಕೂ ಪಾಠನಾ? ನಮ್ಮನೆ ಕುರಿನೂ ನಿಲ್ಲತ್ತೆ!"

"ಹಾಗಾದ್ರೆ ಅದನ್ನೇ ಕಳಿಸಿ, ಬೇಗ ಕಲಿಯತ್ತೆ."

ಶಾರ್ಶೆನ್ ಮುಖ ಊದಿಸಿಕೊಂಡು ಹೊರಟುಹೋದ. ಅವನ ಹೆಂಡತಿ ಐಜಾರ್ಕಿನ್ ಮಾತ್ರ ಬುರುಲ್ಚಾಳ ಬಳಿ ಕಲಿಯಲು ಸೇರಿದಳು. ವಾರಗಟ್ಟಲೆ ದಡದ ಹತ್ತಿರವೇ ಅಭ್ಯಾಸ. "ಏನೇ, ಇನ್ನೂ ಅಲ್ಲೇ ನೆನೀತಾ ಇದ್ದೀಯಾ?" ಎಂದು ಗಂಡ ಚುಡಾಯಿಸುತ್ತಿದ್ದ. ಬಾಯಲ್ಲಿ ಉಸಿರುಗೊಳವೆ ಇದ್ದುದರಿಂದ ಅವಳು ಉತ್ತರ ಕೊಡುತ್ತಿರಲಿಲ್ಲ. ಅದನ್ನವನು ಒಪ್ಪಿಗೆ ಎಂದುಕೊಂಡ.

ಸೆಪ್ಟೆಂಬರಿನಲ್ಲಿ ರಾಜಧಾನಿ ಬಿಷ್ಕೆಕ್‌ನಿಂದ ಬಂದ ಅತಿಥಿಗಳಿಗೆ ನೀರಡಿಯ ಹಳೆಯ ಊರಿನ ಗೋಡೆ ತೋರಿಸಲು ಶಾರ್ಶೆನ್ ಹೊರಟ. ಬುರುಲ್ಚಾ, ಐಜಾರ್ಕಿನ್ ಜೊತೆಗಿದ್ದರು. ಗೋಡೆ ಕಂಡಿತು. ಅದರತ್ತ ಬೆರಳು ಮಾಡಲು ಹೋಗಿ ಶಾರ್ಶೆನ್ ತಳಕ್ಕೆ ಕುಸಿದ, ಏಳಲು ಕಾಲು ಬಡಿದ. ಗೋಡೆ, ಅತಿಥಿಗಳು, ಕೊನೆಗೆ ಅವನ ಬೆರಳೂ ಕೆಸರಿನಲ್ಲಿ ಮಾಯವಾದವು. ಬುರುಲ್ಚಾ ಅತಿಥಿಗಳನ್ನು ಕೂಡಿಸಿಕೊಂಡು ಮೇಲೇರಿದಳು. ಕೆಳಗೇ ಉಳಿದ ಶಾರ್ಶೆನ್ ಗಾಬರಿಯಿಂದ ಏದುಸಿರು ಬಿಟ್ಟೂ ಬಿಟ್ಟೂ ಸಿಲಿಂಡರಿನ ಗಾಳಿಯನ್ನೆಲ್ಲ ಮುಗಿಸಿದ. ಉಸಿರೆಳೆದರೆ ಏನೂ ಬರಲಿಲ್ಲ.

ಆಗ ಐಜಾರ್ಕಿನ್ ಅವನ ತೋಳು ಹಿಡಿದು, ತನ್ನ ಸಿಲಿಂಡರಿನ ಎರಡನೆಯ ಉಸಿರುಗೊಳವೆಯನ್ನು ಅವನ ಬಾಯಿಗಿಟ್ಟಳು. ಒಮ್ಮೆಲೇ ಏರಿದರೆ ಅಪಾಯವೆಂದು, ಮೇಲಕ್ಕೆ ಚಿಮ್ಮಲು ಹೋದವನನ್ನು ಬಿಡಲಿಲ್ಲ. ನಿಧಾನವಾಗಿ, ನಡುವೆ ನಿಂತು, ಇಬ್ಬರೂ ಏರಿದರು. ಶಾರ್ಶೆನ್ ಅವಳ ಕಣ್ಣನ್ನೇ ನೋಡುತ್ತಿದ್ದ. ಮದುವೆಯಾದಂದಿನಿಂದ ಎದುರಾಡದೆ ಅವಳು ಹೇಳಿದಂತೆ ಕೇಳಿದ್ದು ಅದೇ ಮೊದಲು.

"ಗೋಡೆ ಚೆನ್ನಾಗಿತ್ತು ಅಣ್ಣ, ಕಂಡಷ್ಟು ಹೊತ್ತು," ಎಂದ ಒಬ್ಬ ಅತಿಥಿ. ಶಾರ್ಶೆನ್ ದಡದಲ್ಲಿ ಒದ್ದೆ ಮೈಯಲ್ಲೇ ಕುಳಿತಿದ್ದ.

"ಮೊದ್ಲು ಚಹಾ ಕುಡೀರಿ," ಎಂದಳು ಐಜಾರ್ಕಿನ್. ಬಿಲ್ಲೆಗಳಿದ್ದ ಕೋಟನ್ನು ತಂದು ಅವನ ಹೆಗಲಿಗೆ ಹೊದಿಸಿದಳು. ಅದೇ ಅವನನ್ನು ಹೆಚ್ಚು ಚುಚ್ಚಿತು.

ಮರುದಿನ ಅವನು ಬುರುಲ್ಚಾಳ ಮುಂದೆ ನಿಂತು, "ಆ ನಿಲ್ಲೋ ಪಾಠ ಯಾರೂ ಇಲ್ದಾಗ ಹೇಳ್ಕೊಡ್ತೀಯಾ?" ಎಂದ.

"ಬನ್ನಿ. ಐಜಾರ್ಕಿನ್ ಅಕ್ಕನೂ ಜೊತೆಗಿರ್ತಾರಂತೆ. ನೀರಲ್ಲಿ ಅವರು ಹೇಳಿದ್ಹಾಗೆ ಕೇಳ್ಬೇಕು."

"ದಡದ ಮೇಲೆ?"

"ಅದು ಮುಂದಿನ ತರಬೇತಿ."

ಶಾರ್ಶೆನ್ ನೀರಿಗಿಳಿದ. ಬೆಳಿಗ್ಗೆಯೆಲ್ಲ ಮುಗ್ಗರಿಸಿ ಮುಗ್ಗರಿಸಿ, ಸಂಜೆಯ ಹೊತ್ತಿಗೆ ಎರಡುಸಿರಿನಷ್ಟು ಹೊತ್ತು ಅಲುಗದೆ ನಿಂತ. ಐಜಾರ್ಕಿನ್ ಪಕ್ಕದಲ್ಲೇ ತೇಲುತ್ತಿದ್ದಳು.